ಕನ್ನಡ ಪೂಜೆಯಲ್ಲಿ ಇಂಗ್ಲಿಷ್ ರಾಗ: ‘ನಾನೇ ಪ್ರಭು’ ಅಂತ ಹಾಡಿಬಿಟ್ಟೆವು, ಸರಿ ಮಾಡೋದು ಹೇಗೆ?

ಹೊಸಕೋಟೆ_ಟೆನರ್
ಎಲ್ಲರಿಗೂ ನಮಸ್ಕಾರ. ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮೂರಿನ ಕಥೋಲಿಕ ಚರ್ಚಿನ, ಕನ್ನಡ ಕ್ವಾಯರ್ (ಹಾಡುವ ತಂಡ) ನಡೆಸುತ್ತಿದ್ದೇನೆ. ಹದಿನಾಲ್ಕು ಜನ ಇದ್ದೇವೆ. ಒಂದು ಕೀಬೋರ್ಡ್, ಒಂದು ಜೊತೆ ತಬಲಾ, ಅಷ್ಟೇ.

ಹೋದ ತಿಂಗಳು ನಮ್ಮೂರಿನ ಹುಡುಗನೊಬ್ಬನಿಗೆ ಡೀಕನ್ ದೀಕ್ಷೆ (ಪಾದ್ರಿ ಆಗುವ ಗುರುದೀಕ್ಷೆಗೆ ಮುಂಚಿನ ಹಂತ) ಆಯಿತು. ಅವನಿಗೆ ‘ಹಿಯರ್ ಐ ಆಮ್, ಲಾರ್ಡ್’ ಹಾಡು ಅಂದ್ರೆ ಪ್ರಾಣ. ಆದರೆ ಅವನ ಅಪ್ಪ ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ‘ಅಣ್ಣಾ, ಅದನ್ನ ಕನ್ನಡದಲ್ಲಿ ಹಾಡಿ, ಅಮ್ಮನಿಗೆ ಅರ್ಥ ಆಗಬೇಕು’ ಅಂದ. ನಾನೇ ಕೂತು ಪದ ಹಾಕಿದೆ. ಮೂರು ವಾರ ಅಭ್ಯಾಸ ಮಾಡಿದೆವು.

ಪಲ್ಲವಿಯಲ್ಲಿ ಬರೆದದ್ದು ಹೀಗೆ: ‘ಇದೋ ನಾನು, ಪ್ರಭು. ನಾನೇ, ಪ್ರಭು?’ ಕಾಗದದ ಮೇಲೆ ಅಲ್ಪವಿರಾಮ ಇದೆ, ಪ್ರಶ್ನೆ ಚಿಹ್ನೆಯೂ ಇದೆ. ಹಾಡುವಾಗ ಎರಡೂ ಕೇಳಿಸಲಿಲ್ಲ. ಪೂಜೆ ಮುಗಿದ ಮೇಲೆ ಧರ್ಮಪಾಠ ಹೇಳಿಕೊಡುತ್ತಿದ್ದ ನಮ್ಮ ಹಳೇ ಉಪದೇಶಿ ತಾತ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. ‘ಮಗಾ, ಅಷ್ಟು ಸಲ ನಾನೇ ಪ್ರಭು, ನಾನೇ ಪ್ರಭು ಅಂದ್ರಲ್ಲ. ಆ ಮಾತು ಹೇಳೋಕೆ ಒಬ್ಬರಿಗೆ ಮಾತ್ರ ಹಕ್ಕಿರೋದು’ ಅಂದರು. ಬೈಯಲಿಲ್ಲ, ಮೆಲ್ಲಗೆ ಹೇಳಿದರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಕಡೆ ‘ನಿನ್ನ ಬಲ’ ಅಂತ ಇತ್ತು. ರಾಗದಲ್ಲಿ ಎಳೆದಾಗ ‘ನಿನ್ನ ಬಾಲ’ ಆಯಿತು. ಮುಂದಿನ ಸಾಲಲ್ಲಿ ಕೂತಿದ್ದ ಮಕ್ಕಳು ಕಿಸಕ್ಕನೆ ನಕ್ಕರು.

ಈ ಹಾಡು ಬರೆದವರು ಯಾರು, ಇಂಥದ್ದನ್ನು ಕನ್ನಡಕ್ಕೆ ತರಬಹುದಾ, ತಂದರೆ ಪದ ಕೂರಿಸುವುದು ಹೇಗೆ? ತಿಳಿದವರು ಹೇಳಿ. ನಮ್ಮ ಹುಡುಗ ಗುರುದೀಕ್ಷೆಗೂ ಇದೇ ಹಾಡು ಬೇಕು ಅಂತಿದ್ದಾನೆ.

ಆಲ್ಟೋ_ಅಕ್ಕ
ತಮ್ಮಾ, ಬೇಜಾರು ಮಾಡ್ಕೋಬೇಡ. ತಾತ ಪದ ಕೇಳಿಸಿಕೊಂಡಿದ್ದಾರೆ ಅಂದ್ರೆ ನಿಮ್ಮ ಉಚ್ಚಾರಣೆ ಸ್ಪಷ್ಟ ಇತ್ತು ಅಂತ. ಎಷ್ಟೋ ಕಡೆ ಕೀಬೋರ್ಡ್ ಸದ್ದಲ್ಲಿ ಒಂದು ಪದವೂ ಕಿವಿಗೆ ಬೀಳಲ್ಲ.

ಸುಮ್ನೆ_ಓದುಗ
ಬರೆದವರು ಡ್ಯಾನ್ ಶುಟ್. ಅಮೆರಿಕದವರು. ಆಗ ಯೇಸುಸಭೆ ಅನ್ನುವ ಕಥೋಲಿಕ ಸನ್ಯಾಸಿ ಸಂಘದಲ್ಲಿದ್ದರು.

ದುಬೈ_ಕನ್ನಡಿಗ
ಸ್ವಲ್ಪ ಜಾಸ್ತಿ ಹೇಳ್ತೀನಿ. ಅಮೆರಿಕದ ಸೇಂಟ್ ಲೂಯಿಸ್ ಊರಲ್ಲಿ ಓದುತ್ತಿದ್ದ ಐದು ಜನ ಯೇಸುಸಭೆಯ ಹುಡುಗರು. ಬಾಬ್ ಡಫರ್ಡ್, ಜಾನ್ ಫೋಲಿ, ಟಿಮ್ ಮ್ಯಾನಿಯನ್, ರಾಕ್ ಓಕಾನರ್, ಡ್ಯಾನ್ ಶುಟ್. ಎರಡನೇ ವ್ಯಾಟಿಕನ್ ಮಹಾಸಭೆ (1960ರ ದಶಕದಲ್ಲಿ ಕಥೋಲಿಕ ಬಿಷಪ್ಪರೆಲ್ಲ ರೋಮಿನಲ್ಲಿ ಸೇರಿದ್ದ ಸಭೆ) ಆದಮೇಲೆ ಪೂಜೆ ಲ್ಯಾಟಿನ್ನಿಂದ ಇಂಗ್ಲಿಷಿಗೆ ಬಂತು. ಹಾಡಲು ಇಂಗ್ಲಿಷ್ ಹಾಡುಗಳೇ ಸಾಲುತ್ತಿರಲಿಲ್ಲ. ಇವರು ತಮ್ಮ ಮನೆಯ ಪೂಜೆಗೆ ಅಂತ ಗಿಟಾರ್ ಹಿಡಿದು ಬೈಬಲಿನ ಮಾತುಗಳಿಗೇ ರಾಗ ಹಾಕಿದರು. 1974ರಲ್ಲಿ ಮೊದಲ ಸಂಗ್ರಹ ಬಂತು. ಆಮೇಲೆ ‘ಸೇಂಟ್ ಲೂಯಿಸ್ ಜೆಸ್ಯೂಟ್ಸ್’ ಅಂತಲೇ ಹೆಸರಾಯಿತು.

ನೀವು ಹಾಡಿದ್ದು 1979ರ ಹಾಡು. ಅದು ಹುಟ್ಟಿದ್ದೂ ಡೀಕನ್ ದೀಕ್ಷೆಗೇ! ಗೆಳೆಯನೊಬ್ಬ ಇನ್ನೇನು ಕೆಲವೇ ದಿನ ಇರುವಾಗ ಬಂದು ಹಾಡು ಬರೆದುಕೊಡು ಅಂದ. ಶುಟ್‌ಗೆ ಆಗ ಫ್ಲೂ ಜ್ವರ. ಆದರೂ ಬರೆದುಕೊಟ್ಟರು. ನಿಮ್ಮ ಹುಡುಗ ಸರಿಯಾದ ಹಾಡನ್ನೇ ಕೇಳಿದ್ದಾನೆ.

ಹೊಸಕೋಟೆ_ಟೆನರ್
ಅಯ್ಯೋ, ಇದು ಗೊತ್ತೇ ಇರಲಿಲ್ಲ ಅಣ್ಣ. ಅವನಿಗೆ ಈಗಲೇ ಹೇಳ್ತೀನಿ.

ದುಬೈ_ಕನ್ನಡಿಗ
ಇನ್ನೊಂದು ವಿಷಯ ಇದೆ, ನಿಮ್ಮ ತೊಂದರೆಗೆ ನೇರವಾಗಿ ಸಂಬಂಧಪಟ್ಟದ್ದು. ಆ ಪಲ್ಲವಿ ಮೊದಲು ಧೈರ್ಯದ ಮಾತಾಗಿತ್ತು. ‘ಇಲ್ಲಿದ್ದೇನೆ, ಇಲ್ಲಿ ನಿಂತಿದ್ದೇನೆ’ ಅನ್ನುವ ಥರ. ಶುಟ್ ಅದನ್ನು ತಿದ್ದಿ ಪ್ರಶ್ನೆ ಮಾಡಿದರು. ದೇವರು ಕರೆದ ಪ್ರವಾದಿಗಳೆಲ್ಲ ಮೊದಲು ಅನುಮಾನಪಟ್ಟವರೇ, ಅದಕ್ಕೆ. ಅಂದರೆ ಆ ಪ್ರಶ್ನೆ ಚಿಹ್ನೆಯಲ್ಲೇ ಹಾಡಿನ ಜೀವ ಇದೆ. ಕನ್ನಡದಲ್ಲಿ ಬಿದ್ದುಹೋದದ್ದೂ ಅದೇ.

ಮಾತ್ರೆ_ಗಣ
ನನ್ನ ಉದ್ಯೋಗ ಕನ್ನಡ ಪಾಠ ಹೇಳುವುದು, ಭಾನುವಾರ ಕ್ವಾಯರ್. ನಿಮ್ಮ ಎರಡು ತೊಂದರೆಗೂ ಮೂಲ ಒಂದೇ ಅಂತ ನನಗನ್ನಿಸುತ್ತೆ.

ಇಂಗ್ಲಿಷಿನಲ್ಲಿ ಒತ್ತು ಮುಖ್ಯ. ಯಾವ ಅಕ್ಷರವನ್ನು ಒತ್ತಿ ಹೇಳುತ್ತಾರೋ ಅಲ್ಲಿ ಸ್ವರ ಉದ್ದ ಬರುತ್ತೆ. ಗಿಡ್ಡ ಅಕ್ಷರವನ್ನು ಎಷ್ಟು ಎಳೆದರೂ ಅವರ ಪದ ಸಾಮಾನ್ಯವಾಗಿ ಬದಲಾಗಲ್ಲ. ಕನ್ನಡದಲ್ಲಿ ಹಾಗಲ್ಲ. ನಮ್ಮಲ್ಲಿ ಲಘು ಅಂದರೆ ಒಂದು ಮಾತ್ರೆ, ಗುರು ಅಂದರೆ ಎರಡು. ಲಘುವನ್ನು ಎಳೆದರೆ ಬೇರೆ ಪದವೇ ಹುಟ್ಟುತ್ತೆ. ಬಲ ಎಳೆದರೆ ಬಾಲ. ಪದ ಎಳೆದರೆ ಪಾದ. ‘ಕೊಡು ತಂದೆಯೇ’ ಅನ್ನೋದನ್ನು ಎಳೆದರೆ ‘ಕೋಡು ತಂದೆಯೇ’. ನಾನು ಇದನ್ನು ಒಂದು ಚರ್ಚಿನಲ್ಲಿ ಕಿವಿಯಾರೆ ಕೇಳಿದ್ದೇನೆ. ಬೇಡುವ ಹಾಡು, ಕೇಳಿಸುವುದು ಕೊಂಬು.

ಹಾಗಾಗಿ ಪದ ಹಾಕುವ ಮೊದಲು ರಾಗವನ್ನು ಬರೀ ‘ಲ’, ‘ಲಾ’ದಲ್ಲಿ ಬರೆದುಕೊಳ್ಳಿ. ಗಿಡ್ಡ ಸ್ವರಕ್ಕೆ ಲ, ಉದ್ದಕ್ಕೆ ಲಾ. ಆಮೇಲೆ ಲಾ ಇರುವಲ್ಲಿ ಗುರುವನ್ನೇ ಇಡಿ. ‘ಬಲ’ ತೆಗೆದು ‘ಶಕ್ತಿ’ ಹಾಕಿ ನೋಡಿ. ಒತ್ತಕ್ಷರದ ಹಿಂದಿನ ಅಕ್ಷರ ತಾನಾಗಿ ಗುರು. ‘ಶಕ್’ ಅಂತ ಎಷ್ಟು ಹೊತ್ತು ನಿಂತರೂ ಅರ್ಥ ಕೆಡಲ್ಲ.

ಹಾರ್ಮೋನಿಯಂ_72
ಇದನ್ನೇ ನಮ್ಮ ಹಳೇ ಮಾಸ್ತರು ‘ಹಾಡೋಕೆ ಮುಂಚೆ ಓದ್ರೋ’ ಅಂತಿದ್ದರು. ತೊಡೆ ಮೇಲೆ ತಾಳ ಹಾಕಿಸಿ ಇಡೀ ಹಾಡು ಓದಿಸೋರು. ರಾಗ ಆಮೇಲೆ.

ಗಡಿನಾಡ_ಕ್ವಾಯರ್
ಕ್ಷಮಿಸಿ, ನಾನು ಖಾರವಾಗಿ ಹೇಳ್ತೀನಿ. ಯಾಕೆ ಬೇಕು ಇದು? ನಮ್ಮ ಅಪ್ಪನ ಕಾಲದವರು ಬೆಂಗಳೂರಲ್ಲಿ ಭಾನುವಾರ ಒಂದು ಕನ್ನಡ ಪೂಜೆ ಇಡಿಸೋಕೆ ಮನವಿ ಕೊಟ್ಟು ಕೊಟ್ಟು ಸುಸ್ತಾದರು. ಪೂಜೆ ಸಿಕ್ಕಿತು. ಈಗ ಅದರೊಳಗೆ ಅಮೆರಿಕದ ಗಿಟಾರ್ ರಾಗ ತಂದು ಕನ್ನಡ ಪದವನ್ನು ಅದಕ್ಕೆ ತುರುಕಿ ಕೈಕಾಲು ಮುರೀತೀರಾ? ನಮಗೆ ಮೋಹನ ಇಲ್ವಾ, ಹಂಸಧ್ವನಿ ಇಲ್ವಾ? ವಚನ ಹಾಡಿದ, ತತ್ವಪದ ಹಾಡಿದ ಭಾಷೆ ಇದು. ಪ್ರಾರ್ಥನೆ ಹಾಡೋದು ಕನ್ನಡಕ್ಕೆ ಯಾರೂ ಕಲಿಸಬೇಕಾಗಿಲ್ಲ.

ಹೊಸಕೋಟೆ_ಟೆನರ್
ಅಣ್ಣ, ನಿಮ್ಮ ನೋವು ಅರ್ಥ ಆಗುತ್ತೆ. ನಾವೂ ಹೆಚ್ಚಾಗಿ ಕನ್ನಡದ ಹಾಡುಗಳನ್ನೇ ಹಾಡೋದು. ಇದು ಆ ಹುಡುಗನ ಆಸೆ, ಅವನ ಅಮ್ಮನಿಗೋಸ್ಕರ.

ಗಡಿನಾಡ_ಕ್ವಾಯರ್
ಅಮ್ಮನಿಗೋಸ್ಕರ ಅಂದಮೇಲೆ ನಾನೇನೂ ಹೇಳಲ್ಲ. ಆದರೆ ಮಾತು ಮಾತೇ.

ಲ್ಯಾಟಿನ್_ಪ್ರಿಯ
ಇಬ್ಬರಿಗೂ ಒಂದು ಮಾತು. ವ್ಯಾಟಿಕನ್ ಮಹಾಸಭೆ ಪೂಜಾವಿಧಿ ಬಗ್ಗೆ ಹೊರಡಿಸಿದ ದಾಖಲೆಯನ್ನೇ ತೆಗೆದು ನೋಡಿ. 1963ರ ಡಿಸೆಂಬರ್ 4ರಂದು ಹೊರಬಂದದ್ದು. 116ನೇ ಪರಿಚ್ಛೇದ ಗ್ರೆಗೋರಿಯನ್ ಗಾಯನಕ್ಕೆ ಮೊದಲ ಸ್ಥಾನ ಅಂತ ಹೇಳುತ್ತೆ. ಗಿಟಾರೂ ಅಲ್ಲ, ಹಂಸಧ್ವನಿಯೂ ಅಲ್ಲ. 54ನೇ ಪರಿಚ್ಛೇದದಲ್ಲಿ ಜನರ ಭಾಷೆಗೆ ಅವಕಾಶ ಕೊಟ್ಟು, ಜೊತೆಗೆ ಲ್ಯಾಟಿನ್ನಲ್ಲೂ ತಮ್ಮ ಭಾಗವನ್ನು ಹಾಡಲು ಬರಬೇಕು ಅಂದಿದ್ದಾರೆ. 1974ರಲ್ಲಿ ಆರನೇ ಪೌಲ್ ಜಗದ್ಗುರುಗಳು (ಪೋಪ್) ಸುಲಭದ ಲ್ಯಾಟಿನ್ ಹಾಡುಗಳ ಒಂದು ಚಿಕ್ಕ ಪುಸ್ತಕವನ್ನೇ ಎಲ್ಲ ಧರ್ಮಾಧ್ಯಕ್ಷರಿಗೆ (ಬಿಷಪ್ಪರಿಗೆ) ಕಳಿಸಿದ್ದರು. ಅದನ್ನು ನಮ್ಮಲ್ಲಿ ಯಾರು ಕಲಿಸಿದರು? ನಮ್ಮಜ್ಜಿ ಶಾಲೆಗೆ ಹೋದವರಲ್ಲ. ಆದರೆ ಆಶೀರ್ವಾದದ ಹೊತ್ತಿಗೆ ‘ತಾಂತುಮ್ ಎರ್ಗೊ’ ಅನ್ನುವ ಲ್ಯಾಟಿನ್ ಹಾಡನ್ನು ಪೂರ್ತಿ ಹಾಡೋರು. ಈಗಿನ ಕ್ವಾಯರ್‌ಗೆ ಒಂದು ಸಾಲು ಬರಲ್ಲ.

ಮಾತ್ರೆ_ಗಣ
ಸರ್, 116ರಲ್ಲಿ ‘ಉಳಿದದ್ದೆಲ್ಲ ಸಮನಾಗಿದ್ದರೆ’ ಅನ್ನುವ ಮಾತೂ ಇದೆ. ಅದನ್ನು ಬಿಟ್ಟು ಓದಬಾರದು. 119ನ್ನೂ ಓದಿ. ಕೆಲವು ನಾಡುಗಳಲ್ಲಿ, ಅದರಲ್ಲೂ ಧರ್ಮಪ್ರಚಾರದ ನಾಡುಗಳಲ್ಲಿ, ಜನರಿಗೆ ತಮ್ಮದೇ ಸಂಗೀತ ಪರಂಪರೆ ಇರುತ್ತೆ, ಅದಕ್ಕೆ ತಕ್ಕ ಮಾನ ಕೊಡಬೇಕು ಅಂತ ಅಲ್ಲೇ ಬರೆದಿದೆ. ಗಡಿನಾಡಿನವರ ಮಾತಿಗೆ ಅದೇ ಆಧಾರ.

ಲ್ಯಾಟಿನ್_ಪ್ರಿಯ
ಒಪ್ಪಿದೆ. ಆದರೆ 119 ಹೇಳುವುದು ನಾಡಿನ ಪರಂಪರೆ ಬಗ್ಗೆ. ಸಿನಿಮಾ ರಾಗಕ್ಕೆ ಯೇಸುವಿನ ಹೆಸರು ಸೇರಿಸುವುದರ ಬಗ್ಗೆ ಅಲ್ಲ. ಕಾಣಿಕೆ ಗೀತೆ ಶುರುವಾದ ಕೂಡಲೇ ಕಣ್ಣ ಮುಂದೆ ಹೀರೋ ಹೀರೋಯಿನ್ ಬಂದರೆ ಪ್ರಾರ್ಥನೆ ಎಲ್ಲಿಂದ ಬರುತ್ತೆ?

ಆಲ್ಟೋ_ಅಕ್ಕ
ಇದಕ್ಕೆ ನಾನೂ ಕೈ ಎತ್ತುತ್ತೇನೆ. ನೂರಕ್ಕೆ ನೂರು.

ಮಂಗಳೂರು_ಬೇಸ್
ನಮ್ಮ ಕಡೆ ಕೊಂಕಣಿಯಲ್ಲಿ ತಪಸ್ಸುಕಾಲಕ್ಕೆ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು) ಈಗಲೂ ಹಾಡೋದು ‘ರಿಗ್ಲೊ ಜೆಜು ಮೊಳ್ಯಾಂತುಂ’. ಗೋವಾದಿಂದ ಕೆನರಾಕ್ಕೆ ಬಂದಿದ್ದ ಜೋಕಿಂ ಮಿರಾಂದಾ ಪಾದ್ರಿ 18ನೇ ಶತಮಾನದಲ್ಲಿ ಬರೆದದ್ದು. ಯೇಸು ತೋಟದೊಳಗೆ ಹೊಕ್ಕ ರಾತ್ರಿಯ ಹಾಡು. ಮಿರಾಂದಾ ಟಿಪ್ಪುವಿನ ಕಾಲದಲ್ಲಿ ಸೆರೆಯಲ್ಲಿ ಇದ್ದವರು. ಭಾಷೆ ಬಲ್ಲವರು ಬರೆದರೆ ಇನ್ನೂರು ವರ್ಷ ನಿಲ್ಲುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ದುಬೈ_ಕನ್ನಡಿಗ
ಅದನ್ನು ಇಲ್ಲಿ ಶುಭ ಶುಕ್ರವಾರ ಕೇಳಿದ್ದೀನಿ. ಕೊಂಕಣಿ ಬರಲ್ಲ, ಆದರೂ ಮೈ ಜುಂ ಅಂದಿತ್ತು.

ಕೇರಳಗಡಿ_ಸೊಪ್ರಾನೊ
ನಮ್ಮ ಅಮ್ಮನ ಕಡೆ ಮಲಯಾಳಿಗಳು. ಅಲ್ಲಿ ನಡೆದದ್ದು ಕೇಳಿ. 1962ರಲ್ಲಿ ಕೇರಳದ ಸಿರೋ ಮಲಬಾರ್ ಕಥೋಲಿಕ ಸಭೆಯ ಪೂಜೆ ಸುರಿಯಾನಿ ಭಾಷೆಯಿಂದ ಮಲಯಾಳಕ್ಕೆ ಬಂತು. ಆಗ ಆಬೇಲ್ ಅಚ್ಚನ್ ಅನ್ನುವ ಸಿಎಂಐ ಸನ್ಯಾಸಿ ಸಂಘದ ಗುರುಗಳು ಪದ ಬರೆದರು. ಕೆ. ಕೆ. ಆಂಟನಿ ಮಾಸ್ತರರು ರಾಗ ಹಾಕಿದರು. ಕವಿಯೂ ಸಂಗೀತಗಾರರೂ ಒಟ್ಟಿಗೆ ಕೂತು ಕೆಲಸ ಮಾಡಿದರು. ಆಬೇಲ್ ಅಚ್ಚನ್ ಆಮೇಲೆ 1969ರಲ್ಲಿ ಕೊಚ್ಚಿಯಲ್ಲಿ ಕಲಾಭವನ ಶುರು ಮಾಡಿದರು. ಚರ್ಚಿನ ಹಾಡು ಕಲಿಸೋಕೆ ಅಂತ ಹುಟ್ಟಿದ ಜಾಗ ಅದು, ಆಮೇಲೆ ಮಿಮಿಕ್ರಿಗೂ ಸಿನಿಮಾಕ್ಕೂ ಎಷ್ಟು ಜನರನ್ನು ಕೊಟ್ಟಿತು! ನಮ್ಮ ಕನ್ನಡದಲ್ಲಿ ಪದ ಒಬ್ಬರು, ರಾಗ ಇನ್ನೊಬ್ಬರು, ಇಬ್ಬರಿಗೂ ಮುಖ ಪರಿಚಯವೇ ಇಲ್ಲ.

ಹಾರ್ಮೋನಿಯಂ_72
ನಮ್ಮಲ್ಲೂ ಒಳ್ಳೇ ಕೆಲಸ ಆಗಿದೆ ಮೇಡಂ. ಬರೆದ ಗುರುಗಳ ಹೆಸರು ಪುಸ್ತಕದಲ್ಲಿ ಅಚ್ಚು ಹಾಕಿಲ್ಲ, ಅಷ್ಟೇ. ನನ್ನ ಹತ್ತಿರ ಇರೋ ಹಾಡಿನ ಪುಸ್ತಕದಲ್ಲಿ ನೂರಾರು ಹಾಡು ಇವೆ, ಕೆಳಗೆ ಒಂದು ಹೆಸರೂ ಇಲ್ಲ. ಅಮೆರಿಕದವರ ಪುಸ್ತಕದಲ್ಲಿ ಪ್ರತಿ ಹಾಡಿನ ಕೆಳಗೆ ಪದ ಯಾರದ್ದು, ರಾಗ ಯಾರದ್ದು, ವರ್ಷ ಯಾವುದು, ಎಲ್ಲ ಇರುತ್ತೆ. ನಮ್ಮ ಮಕ್ಕಳಿಗೆ ಶುಟ್ ಗೊತ್ತು, ನಮ್ಮ ಪಕ್ಕದ ಧರ್ಮಕೇಂದ್ರದಲ್ಲೇ ಇದ್ದು ಹಾಡು ಬರೆದವರು ಗೊತ್ತಿಲ್ಲ. ಇದು ನನಗೆ ಬಹಳ ನೋವಿನ ವಿಷಯ. ದಯವಿಟ್ಟು ನಿಮ್ಮ ನಿಮ್ಮ ಊರಿನ ಹಿರಿಯರನ್ನು ಕೇಳಿ ಈಗಲೇ ಬರೆದಿಡಿ. ಅವರು ಹೋದಮೇಲೆ ಯಾರನ್ನು ಕೇಳ್ತೀರಿ?

ಆಲ್ಟೋ_ಅಕ್ಕ
ಸತ್ಯ. ನಮ್ಮ ಕ್ವಾಯರಿನ ಹಳೇ ನೋಟ್ ಪುಸ್ತಕಕ್ಕೆ ಗೆದ್ದಲು ಹಿಡಿದಿತ್ತು. ಅರ್ಧ ಹಾಡಿನ ಪುಟವೇ ಇಲ್ಲ. ಇವತ್ತೇ ಮೊಬೈಲಲ್ಲಿ ಫೋಟೋ ತೆಗೆದಿಟ್ಟೆ.

ಪೀಠಬಾಲಕ_ಹಳಬ
ಮೂಲ ಪ್ರಶ್ನೆಗೆ ಬರೋಣ. ಆ ಹಾಡಿಗೆ ಇನ್ನೊಂದು ಆಕ್ಷೇಪ ಇದೆ. ಚರಣದಲ್ಲಿ ಮಾತಾಡೋದು ದೇವರು. ‘ಕಡಲಿಗೂ ಬಾನಿಗೂ ಒಡೆಯ ನಾನು’ ಅನ್ನೋ ಅರ್ಥದ ಮಾತು. ಅದನ್ನು ನಾವು ಹಾಡ್ತೀವಿ. ಮನುಷ್ಯರು ದೇವರ ಮಾತನ್ನು ‘ನಾನು’ ಅಂತ ಹಾಡೋದು ತಪ್ಪು ಅಂತ ತುಂಬಾ ಜನ ಹೇಳ್ತಾರೆ. ನನಗೂ ಸರಿ ಅನಿಸಲ್ಲ. ಉಪದೇಶಿ ತಾತ ಹೇಳಿದ್ದು ಪಲ್ಲವಿಗಿಂತ ಚರಣಕ್ಕೇ ಜಾಸ್ತಿ ಅನ್ವಯ ಆಗುತ್ತೆ.

ಲ್ಯಾಟಿನ್_ಪ್ರಿಯ
ಈ ವಿಷಯದಲ್ಲಿ ನಾನು ಶುಟ್ ಪರ ನಿಲ್ಲುತ್ತೇನೆ, ಆಶ್ಚರ್ಯ ಪಡಬೇಡಿ. ಶುಭ ಶುಕ್ರವಾರ ಶಿಲುಬೆಗೆ ಮುತ್ತು ಕೊಡುವಾಗ ಹಾಡುವ ಹಳೇ ಹಾಡು ಯಾವುದು? ‘ನನ್ನ ಜನರೇ, ನಿಮಗೆ ನಾನು ಏನು ಮಾಡಿದೆ?’ ಮಾತಾಡುವವರು ಯೇಸು, ಹಾಡುವುದು ಕ್ವಾಯರ್. ಶತಮಾನಗಳಿಂದ ಹಾಡುತ್ತಿದ್ದೇವೆ. ಬೈಬಲಿನ ಕೀರ್ತನೆ 91ರ ಕೊನೆಗೂ ದೇವರೇ ‘ನಾನು’ ಅಂತ ಮಾತಾಡುತ್ತಾರೆ. ಹಾಗಾಗಿ ಅದು ತಪ್ಪಲ್ಲ. ಯಾರು ಮಾತಾಡುತ್ತಿದ್ದಾರೆ ಅಂತ ಕೇಳುವವರಿಗೆ ಗೊತ್ತಾಗಬೇಕು, ಅಷ್ಟೇ. ಚರಣವನ್ನು ಒಬ್ಬರೇ ಹಾಡಲಿ, ಪಲ್ಲವಿಗೆ ಜನ ಸೇರಲಿ.

ಪೀಠಬಾಲಕ_ಹಳಬ
ಶುಭ ಶುಕ್ರವಾರದ್ದು ನೆನಪಿಗೇ ಬಂದಿರಲಿಲ್ಲ. ಸರಿ, ನನ್ನ ಮಾತು ವಾಪಸ್ ತಗೊಂಡೆ. ಒಬ್ಬರೇ ಹಾಡೋದು ಒಳ್ಳೇ ಉಪಾಯ.

ದುಬೈ_ಕನ್ನಡಿಗ
ಕೀರ್ತನೆ 91 ಅಂದಿರಲ್ಲ, ನನ್ನದೊಂದು ನೆನಪು ಹೇಳಲೇಬೇಕು.

ಇಲ್ಲಿಗೆ ಬಂದ ಹೊಸದರಲ್ಲಿ ನಮ್ಮ ರೂಮಿನಲ್ಲಿದ್ದ ಒಬ್ಬರು ತೀರಿಕೊಂಡರು. ಉತ್ತರ ಕನ್ನಡದವರು, ವಯಸ್ಸು ನಲವತ್ತು ದಾಟಿತ್ತು, ಎದೆನೋವು. ಶವ ಊರಿಗೆ ಕಳಿಸುವ ಮುಂಚೆ ಒಂದು ಪೂಜೆ ಆಯಿತು. ನಾವು ಎಂಟೇ ಜನ. ಫಿಲಿಪ್ಪೀನ್ಸಿನ ಒಬ್ಬ ಹೆಣ್ಣುಮಗಳು, ನಮಗೆ ಪರಿಚಯವೂ ಇರಲಿಲ್ಲ, ತಾನಾಗಿ ಎದ್ದು ‘ಆನ್ ಈಗಲ್ಸ್ ವಿಂಗ್ಸ್’ (ಹದ್ದಿನ ರೆಕ್ಕೆಗಳ ಮೇಲೆ) ಹಾಡಿದರು. ಆ ಕೀರ್ತನೆಯಿಂದಲೇ ಹುಟ್ಟಿದ ಹಾಡು ಅದು. ಕೀಬೋರ್ಡ್ ಇಲ್ಲ, ಏನಿಲ್ಲ. ಹಾಡು ಕೇಳುತ್ತಾ ಕೇಳುತ್ತಾ ಪಕ್ಕದಲ್ಲಿದ್ದ ಅವರ ತಮ್ಮ ನನ್ನ ಹೆಗಲ ಮೇಲೆ ತಲೆ ಇಟ್ಟರು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ ಆ ಮನುಷ್ಯ.

ಆಮೇಲೆ ಹುಡುಕಿ ಓದಿದೆ. ಬರೆದದ್ದು ಮೈಕಲ್ ಜಾಂಕಾಸ್, ಮಿನೆಸೋಟದ ಗುರುಗಳು. ಗೆಳೆಯನ ತಂದೆ ಇದ್ದಕ್ಕಿದ್ದಂತೆ ಹೃದಯಾಘಾತದಿಂದ ತೀರಿಕೊಂಡಾಗ ಆ ಗೆಳೆಯನಿಗೆ ಅಂತ ಬರೆದದ್ದು. 1979ರಲ್ಲಿ ಹೊರಬಂತು. ಎದೆನೋವಿನಿಂದ ಹೋದವರಿಗಾಗಿ ಬರೆದ ಹಾಡು ಎದೆನೋವಿನಿಂದ ಹೋದವರ ಮುಂದೆ ಬಂದು ನಿಂತಿತ್ತು. ಅಮೆರಿಕದ ಹಾಡು, ನಮ್ಮದಲ್ಲ ಅಂತ ನನಗೆ ಹೇಳೋಕೆ ಆಗಲ್ಲ, ಗಡಿನಾಡಣ್ಣ.

ಗಡಿನಾಡ_ಕ್ವಾಯರ್
ಓದಿದೆ. ಎರಡು ಸಲ ಓದಿದೆ. ಆ ಜಾಗದಲ್ಲಿ ನಾನಿದ್ದರೂ ಅತ್ತುಬಿಡ್ತಿದ್ದೆ. ನಾನು ಹೇಳಿದ್ದು ಆ ಹಾಡು ಕೆಟ್ಟದ್ದು ಅಂತ ಅಲ್ಲ. ಇಂಥ ಹೊತ್ತಿಗೆ ಕನ್ನಡದಲ್ಲಿ ನಮ್ಮದೇ ಒಂದು ಹಾಡು ಎಲ್ಲರ ಬಾಯಲ್ಲಿ ಇರಬೇಕಿತ್ತು ಅಂತ.

ಮಂಗಳೂರು_ಬೇಸ್
ಒಂದು ತಿದ್ದುಪಡಿ ಅಲ್ಲ, ಬರೀ ಮಾಹಿತಿ. ಕೀರ್ತನೆ 91ರಲ್ಲಿ ರೆಕ್ಕೆ ಇದೆ, ಹದ್ದಿನ ಹೆಸರಿಲ್ಲ. ಹದ್ದಿನ ರೆಕ್ಕೆ ಬರೋದು ಬೈಬಲಿನ ಇನ್ನೊಂದು ಭಾಗವಾದ ವಿಮೋಚನಾಕಾಂಡ 19ರಲ್ಲಿ. ಜಾಂಕಾಸ್ ಅದನ್ನು ಸೇರಿಸಿದ್ದಾರೆ. ಮತ್ತೆ ಆ ಹಾಡಿನ ಚರಣ ಜನರಿಗೆ ಕಷ್ಟ. ಸ್ವರ ನೆಗೆಯುತ್ತೆ. ಪಲ್ಲವಿಗೆ ಬಂದಾಗ ಮಾತ್ರ ಇಡೀ ಚರ್ಚು ಸೇರುತ್ತೆ.

ಪೀಠಬಾಲಕ_ಹಳಬ
ಹಾಡು ಬರೆದವರು ಕಥೋಲಿಕರೇ ಆಗಿರಬೇಕಾ? ಇಂಗ್ಲಿಷ್ ಪೂಜೆಯ ಪ್ರಾರ್ಥನೆಗಳನ್ನು ಹಾಡುವ ‘ಮಾಸ್ ಆಫ್ ಕ್ರಿಯೇಷನ್’ಗೆ ರಾಗ ಹಾಕಿದ ಮಾರ್ಟಿ ಹಾಗನ್ ಕಥೋಲಿಕರೇ ಅಲ್ಲ ಅಂತ ಕೇಳಿ ಗಾಬರಿಯಾಯಿತು. ಎಷ್ಟು ವರ್ಷ ಹಾಡಿದ್ದೀವಿ ಅದನ್ನು!

ದುಬೈ_ಕನ್ನಡಿಗ
ಹೌದು, ಲುಥೆರನ್ (ಪ್ರೊಟೆಸ್ಟೆಂಟ್) ಮನೆಯಲ್ಲಿ ಬೆಳೆದವರು. 1984ರ ರಾಗ ಅದು. 2011ರಲ್ಲಿ ಇಂಗ್ಲಿಷ್ ಪೂಜೆಯ ಅನುವಾದ ಬದಲಾದಾಗ ಹೊಸ ಪದಕ್ಕೆ ತಕ್ಕ ಹಾಗೆ ತಿದ್ದಿಕೊಟ್ಟರು. ಪದ ಪೂಜೆಯದ್ದೇ, ರಾಗ ಮಾತ್ರ ಅವರದ್ದು. ಗಾಬರಿ ಯಾಕೆ?

ಲ್ಯಾಟಿನ್_ಪ್ರಿಯ
ನಾನು ಗಾಬರಿಯಾಗುವುದು ಬೇರೆಯದಕ್ಕೆ. ಪೂಜೆಯ ಶುರುವಿನಲ್ಲಿ ಬರುವ ಮಹಿಮೆ ಗೀತೆಯ (ಗ್ಲೋರಿಯಾ) ಪದವನ್ನೇ ಬದಲಾಯಿಸಿ ಹಾಡುತ್ತಾರಲ್ಲ, ಅದು ತಪ್ಪು. ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 53ನೇ ಪರಿಚ್ಛೇದದಲ್ಲಿ ಸ್ಪಷ್ಟವಾಗಿದೆ: ಆ ಪದದ ಜಾಗದಲ್ಲಿ ಬೇರೆ ಪದ ಹಾಡುವಂತಿಲ್ಲ. ‘ಮಹಿಮೆ ಮಹಿಮೆ’ ಅಂತ ಚಪ್ಪಾಳೆ ತಟ್ಟಿಸಿ ಎರಡು ಸಾಲು ಹಾಡಿ ಮುಗಿಸುತ್ತಾರೆ. ಬೈಬಲ್ ವಾಚನಗಳ ನಡುವಿನ ಕೀರ್ತನೆಯ ಜಾಗದಲ್ಲಿ ಯಾವುದೋ ಭಕ್ತಿಗೀತೆ ಹಾಡುತ್ತಾರೆ. ಅದೂ ಕೂಡದು. ಅದು ದೇವರ ವಾಕ್ಯ.

ಕೇರಳಗಡಿ_ಸೊಪ್ರಾನೊ
ಪೂಜೆಯಲ್ಲಿ ಒಬ್ಬರಿಗೊಬ್ಬರು ‘ಸಮಾಧಾನ’ (ಶಾಂತಿ) ಹಾರೈಸಿಕೊಳ್ಳುವಾಗ ಹಾಡುವ ಹಾಡು?

ಲ್ಯಾಟಿನ್_ಪ್ರಿಯ
ಅದೂ ಇಲ್ಲ. 2014ರಲ್ಲಿ ರೋಮಿನಿಂದ ಸುತ್ತೋಲೆ ಬಂದಿದೆ. ಹಾಗೊಂದು ಹಾಡು ರೋಮನ್ ಪೂಜಾವಿಧಿಯಲ್ಲೇ ಇಲ್ಲ ಅಂತ.

ಹಾರ್ಮೋನಿಯಂ_72
ಅಯ್ಯೋ, ನಮ್ಮ ಚರ್ಚಿನಲ್ಲಿ ಅದು ಮೂರು ಚರಣ ಇದೆ! ನಾಳೆಯೇ ಸ್ವಾಮಿಗಳ ಹತ್ತಿರ ಮಾತಾಡ್ತೀನಿ.

ಆಲ್ಟೋ_ಅಕ್ಕ
ಕೀಬೋರ್ಡಿನ ಆಟೋ ರಿದಮ್ ಬಗ್ಗೆ ಯಾರೂ ಮಾತಾಡಲ್ವಾ? ತಪಸ್ಸುಕಾಲದಲ್ಲಿ ವಾದ್ಯ ಬರೀ ಹಾಡಿಗೆ ಆಸರೆ ಆಗಿರಬೇಕು ಅಂತ ನಿಯಮ ಇದೆ. ನಮ್ಮಲ್ಲಿ ಆ ಕಾಲ ಶುರುವಾಗುವ ವಿಭೂತಿ ಬುಧವಾರವೂ ಡಿಸ್ಕೋ ಬೀಟ್. ಬಟನ್ ಒತ್ತಿದರೆ ಅದು ನಿಲ್ಲಲ್ಲ, ಹಾಡೋರು ಉಸಿರು ತಗೊಳ್ಳೋಕೂ ಬಿಡಲ್ಲ. ಯಂತ್ರದ ಹಿಂದೆ ನಾವು ಓಡಬೇಕು.

ಗಡಿನಾಡ_ಕ್ವಾಯರ್
ಅಕ್ಕ, ನಮ್ಮ ಜಗಳ ಎಲ್ಲ ಇಲ್ಲಿಗೆ ಮುಗೀತು. ಆ ಬಟನ್‌ಗೆ ಟೇಪ್ ಅಂಟಿಸಿ.

ಸುಮ್ನೆ_ಓದುಗ
ಅನುವಾದ ಮಾಡೋಕೆ ಅನುಮತಿ ಬೇಡ್ವಾ? ಅದನ್ನೇ ಯಾರೂ ಹೇಳಲಿಲ್ಲ.

ದುಬೈ_ಕನ್ನಡಿಗ
ಬೇಕು. ಶುಟ್ ಹಾಡಿನ ಹಕ್ಕು ಅಮೆರಿಕದ ಓಸಿಪಿ ಪ್ರಕಾಶನದ ಹತ್ತಿರ ಇದೆ. ಅನುವಾದ ಅಂದರೂ ಅದೇ ಕೃತಿಯ ಇನ್ನೊಂದು ರೂಪ. ಮೇಲ್ ಮಾಡಿ ಕೇಳಿ.

ಪೀಠಬಾಲಕ_ಹಳಬ
ಬಡ ಊರಿನ ಹದಿನಾಲ್ಕು ಜನರ ಕ್ವಾಯರ್ ಮೇಲೆ ಯಾರು ಕೇಸು ಹಾಕ್ತಾರೆ ಬಿಡಿ.

ದುಬೈ_ಕನ್ನಡಿಗ
ಹಾಗನ್ನಬೇಡಿ. 1970ರ ದಶಕದಲ್ಲಿ ಅಮೆರಿಕದ ಚರ್ಚುಗಳಲ್ಲೂ ಇದೇ ಮಾತು. ಪುಸ್ತಕ ಕೊಳ್ಳದೆ ಕಾಪಿ ತೆಗೆದು ಹಂಚೋರು. 1976ರಲ್ಲಿ ಎಫ್‌ಇಎಲ್ ಅನ್ನುವ ಪ್ರಕಾಶನದವರು ಶಿಕಾಗೋ ಮಹಾಧರ್ಮಪ್ರಾಂತ್ಯದ ಮೇಲೆಯೇ ಕೇಸು ಹಾಕಿದರು. ವರ್ಷಗಟ್ಟಲೆ ನಡೆಯಿತು. ಕೇಸಿನ ಭಯ ಬೇಡ, ಆದರೆ ಬರೆದವರ ಊಟ ಅದು. ಹೆಸರು ಅಚ್ಚು ಹಾಕಿಲ್ಲ ಅಂತ ಹಾರ್ಮೋನಿಯಂ ಅಣ್ಣ ನೊಂದುಕೊಂಡರು ಅಲ್ವಾ? ಇದೂ ಅದೇ ವಿಷಯ. ಒಬ್ಬರ ಶ್ರಮಕ್ಕೆ ಕೇಳಿ ತಗೊಳ್ಳೋದು ಮರ್ಯಾದೆ.

ಪೀಠಬಾಲಕ_ಹಳಬ
ಸರಿ ಅಣ್ಣ. ಆ ದೃಷ್ಟಿಯಿಂದ ಯೋಚಿಸಿರಲಿಲ್ಲ.

ಹೊಸಕೋಟೆ_ಟೆನರ್
ಇಷ್ಟೊಂದು ಉತ್ತರ! ಮೇಲ್ ಕಳಿಸಿದೆ. ನಮ್ಮ ಸ್ವಾಮಿಗಳಿಗೂ ಹೇಳಿದೆ, ಅವರು ಧರ್ಮಪ್ರಾಂತ್ಯದ ಪೂಜಾವಿಧಿ ಆಯೋಗಕ್ಕೆ ಪದ ತೋರಿಸಿ ಅಂದರು. ಆದರೆ ಪಲ್ಲವಿ ಇನ್ನೂ ಕೂತಿಲ್ಲ. ‘ನಾನೇನಾ ಪ್ರಭು’ ಅಂತ ಮಾಡಿದೆ. ಒಂದು ಅಕ್ಷರ ಜಾಸ್ತಿ. ಆತುರದಲ್ಲಿ ಹಾಡಿದರೆ ಮತ್ತೆ ‘ನಾನೇ ಪ್ರಭು’ ಥರ ಕೇಳುತ್ತೆ.

ಮಾತ್ರೆ_ಗಣ
‘ನಾನು’ ಮತ್ತೆ ‘ಪ್ರಭು’ ಅಕ್ಕಪಕ್ಕ ಇರೋವರೆಗೂ ಈ ಅಪಾಯ ತಪ್ಪಲ್ಲ. ನಮ್ಮ ಭಾಷೆಯಲ್ಲಿ ಎರಡು ನಾಮಪದ ಪಕ್ಕ ಪಕ್ಕ ಇಟ್ಟರೆ ‘ಆಗಿದ್ದೇನೆ’ ಅನ್ನೋದು ತಾನಾಗಿ ಬಂದು ಕೂರುತ್ತೆ. ‘ನಾನು ಮೇಷ್ಟ್ರು’ ಅಂದ ಹಾಗೆ. ವಿಭಕ್ತಿ ಬದಲಾಯಿಸಿ ನೋಡಿ. ‘ನನ್ನನ್ನೇನಾ?’ ಕರೆದದ್ದು ನನ್ನನ್ನೇನಾ ಅಂತ. ನಾಲ್ಕು ಅಕ್ಷರ, ನಾಲ್ಕೂ ಗುರು. ಎಲ್ಲಿ ಬೇಕಾದರೂ ಎಳೆಯಿರಿ, ಅರ್ಥ ಅಲುಗಾಡಲ್ಲ. ‘ನಾ’ ಅಂತ ಬಾಯಿ ತೆರೆದು ಮುಗಿಯುತ್ತೆ. ಹಾಡೋಕೆ ಸಲೀಸು.

ಕೇರಳಗಡಿ_ಸೊಪ್ರಾನೊ
ಬರೀ ನನನನ ಆಯಿತಲ್ಲ ಸರ್. ನಾಲಿಗೆ ತೊಡರುತ್ತೆ.

ಮಾತ್ರೆ_ಗಣ
ಒಮ್ಮೆ ನಿಧಾನವಾಗಿ ಹಾಡಿ ನೋಡಮ್ಮ. ಕರೆದ ದನಿ ಕೇಳಿ ತಬ್ಬಿಬ್ಬಾದ ಹುಡುಗ ಹೇಳುವ ಮಾತು ಅದು. ಸ್ವಲ್ಪ ತೊಡರಿದರೆ ತಪ್ಪಿಲ್ಲ ಅಂತ ನನಗನ್ನಿಸುತ್ತೆ. ಬೈಬಲಿನ ಬಾಲಕ ಸಮುವೇಲನೂ ದೇವರು ಕರೆದದ್ದನ್ನು ಯಾಜಕ ಏಲಿ ಕರೆದದ್ದು ಅಂದುಕೊಂಡು ಮೂರು ಸಲ ತಪ್ಪಾಗಿ ಏಲಿಯ ಹತ್ತಿರ ಓಡಿದವನು.

ಆಲ್ಟೋ_ಅಕ್ಕ
ನನಗೊಂದು ಹೊಳೆಯುತ್ತಿದೆ. ‘ಇದೋ ನಾನು’ ಅಂತ ಮನೆಯಲ್ಲಿ ಯಾರು ಮಾತಾಡ್ತಾರೆ? ಅದು ಬೈಬಲ್ ಕನ್ನಡ. ಅಡುಗೆಮನೆಯಿಂದ ಅಮ್ಮ ಕೂಗಿದರೆ ನಾವು ಏನಂತೀವಿ? ‘ಬಂದೆ!’ ಅಂತೀವಿ. ಇನ್ನೂ ಎದ್ದೇ ಇರಲ್ಲ, ಆದರೂ ‘ಬಂದೆ’. ಕರೆದವರ ದನಿ ಕೇಳಿಸಿತು, ಮನಸ್ಸು ಆಗಲೇ ಹೊರಟಿತು ಅಂತ ಅದರ ಅರ್ಥ. ‘ಬಂದೆ ಪ್ರಭೂ’ ಅಂತ ಹಾಕಿ.

ಮಾತ್ರೆ_ಗಣ
ಅಕ್ಕ! ಇಷ್ಟು ದಿನ ಪಾಠ ಹೇಳಿ ನನಗೆ ಇದು ಹೊಳೆಯಲಿಲ್ಲ. ‘ಬಂದೆ ಪ್ರಭೂ. ನನ್ನನ್ನೇನಾ?’ ಮೊದಲ ಅಕ್ಷರ ಗುರು, ಕೊನೆಯ ‘ಭೂ’ ಗುರು. ಕರೆಯುವಾಗ ನಾವು ಹೇಗೂ ‘ಪ್ರಭೂ’ ಅಂತ ಎಳೀತೀವಿ. ಹಾಡೂ ಅಲ್ಲೇ ಎಳೆಯುತ್ತೆ.

ಗಡಿನಾಡ_ಕ್ವಾಯರ್
‘ಬಂದೆ ಪ್ರಭೂ’ ಅನ್ನೋದನ್ನು ಮೋಹನದಲ್ಲಿ ಹಾಡಿ ನೋಡಿದೆ ಈಗ. ಬೇರೆ ಹಾಡೇ ಆಗುತ್ತೆ, ಅಷ್ಟು ಚೆನ್ನಾಗಿದೆ. ಆ ಎರಡು ಪದ ನನಗೆ ಕೊಡ್ತೀರಾ ಅಕ್ಕ? ನಮ್ಮ ಊರಿನ ಹಬ್ಬಕ್ಕೆ ಹೊಸ ಪದ, ಹೊಸ ರಾಗ ಕಟ್ಟುತ್ತೇನೆ. ಕೆಳಗೆ ನಿಮ್ಮ ಹೆಸರು ಹಾಕ್ತೀನಿ.

ಆಲ್ಟೋ_ಅಕ್ಕ
ತಗೊಳ್ಳಿ ತಮ್ಮಾ. ಹೆಸರು ಯಾಕೆ, ಅದು ಎಲ್ಲರ ಮನೆ ಮಾತು.

ಹಾರ್ಮೋನಿಯಂ_72
ಹೆಸರು ಹಾಕಿ. ದಯವಿಟ್ಟು ಹಾಕಿ.

ಹೊಸಕೋಟೆ_ಟೆನರ್
ಇವತ್ತು ಸಂಜೆ ಉಪದೇಶಿ ತಾತನ ಮನೆಗೆ ಹೋಗಿದ್ದೆ. ಜಗಲಿ ಮೇಲೆ ಕೂತಿದ್ದರು. ಕೀಬೋರ್ಡ್ ಇಲ್ಲದೆ ಮೆಲ್ಲಗೆ ಹಾಡಿದೆ. ಚರಣ ನಾನೊಬ್ಬನೇ. ‘ಬಲ’ ಹೋಗಿ ‘ಶಕ್ತಿ’ ಬಂದಿದೆ. ‘ಬಂದೆ ಪ್ರಭೂ, ನನ್ನನ್ನೇನಾ?’ ಅಂದಾಗ ತಾತ ಕಣ್ಣು ಮುಚ್ಚಿದರು. ಎರಡನೇ ಸಲ ಪಲ್ಲವಿ ಬಂದಾಗ ಅವರೂ ಸೇರಿದರು. ದನಿ ನಡುಗುತ್ತಿತ್ತು, ಶ್ರುತಿ ಸ್ವಲ್ಪ ಕೆಳಗಿತ್ತು, ನಾನೇ ಇಳಿಸಿಕೊಂಡೆ.

ಮುಗಿದ ಮೇಲೆ ಒಳಗಿನಿಂದ ಅವರ ಸೊಸೆ ಕಾಫಿಗೆ ಕೂಗಿದರು. ತಾತ ‘ಬಂದೆ’ ಅಂದರು. ಆಮೇಲೆ ನನ್ನ ಕಡೆ ತಿರುಗಿ ಜೋರಾಗಿ ನಕ್ಕರು.

ಆಲ್ಟೋ_ಅಕ್ಕ
ಕಣ್ಣು ತುಂಬಿ ಬಂತು ತಮ್ಮಾ.

ಮಂಗಳೂರು_ಬೇಸ್
ತಾತನಿಗೆ ಸಲೀಸಾಗಿದ್ದ ಶ್ರುತಿ ಯಾವುದು? ಗುರುದೀಕ್ಷೆಯ ದಿನ ಅದೇ ಇಟ್ಟುಕೊಳ್ಳಿ. ಊರಿನ ಹಿರಿಯರೆಲ್ಲ ಸೇರಬೇಕು ಅಂದ್ರೆ ಜಿ ಬೇಡ.

ಹೊಸಕೋಟೆ_ಟೆನರ್
ಇ ಫ್ಲ್ಯಾಟ್ ಇತ್ತು ಅಂತ ಕಾಣುತ್ತೆ. ಶನಿವಾರ ಅಭ್ಯಾಸಕ್ಕೆ ತಾತನನ್ನೂ ಬರೋಕೆ ಹೇಳಿದ್ದೀನಿ. ಆಟೋ ರಿದಮ್ ಬಟನ್‌ಗೆ ಟೇಪ್ ಅಂಟಿಸಿ ಆಯಿತು.